ಮೂವತ್ತು ನಲವತ್ತರ ಸೈಟು

ಪ್ಲಾನಿನ ಹಾಳೆಯನ್ನು ಎಷ್ಟು ಬಿಡಿಸಿದರೂ ಅದು ಮತ್ತೆ ಸುತ್ತಿಕೊಳ್ಳುತ್ತಿತ್ತು. ನೀಲಾಂಬಿಕ ಅಡಿಗೆಮನೆಯಿಂದ ಸ್ಟೀಲಿನ ಲೋಟಗಳನ್ನು ತಂದು ಮೂಲೆಗಳ ಮೇಲೆ ಇಟ್ಟಳು. ಎಂಜಿನಿಯರ್ ಅರುಣ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, "ಅಕ್ಕಾ, ಇವತ್ತು ಫೈನಲ್ ಮಾಡಿಬಿಡಾಣ. ಇನ್ನು ತಿದ್ದೋದು ಬ್ಯಾಡ, ಪುರಸಭೆಗೆ ಕೊಟ್ಟುಬಿಡ್ತೀನಿ," ಎಂದ. ಅಂಜನಾಪುರದ ರಸ್ತೆಯ ಹೊಸ ಬಡಾವಣೆಯಲ್ಲಿ ಕೊಂಡಿದ್ದ ಮೂವತ್ತು ನಲವತ್ತರ ಸೈಟು ಆ ಹಾಳೆಯ ಮೇಲೆ ಎರಡು ಅಂಗೈ ಜೋಡಿಸಿದಷ್ಟೇ ಇತ್ತು. ಗಂಡ ಮಲ್ಲಿಕಾರ್ಜುನ ಪಾತ್ರೆ ಅಂಗಡಿಯ ಬಾಗಿಲನ್ನು ಅರ್ಧ ದಿನ ಮುಚ್ಚಿ ಬಂದವನು, ಕನ್ನಡಕವನ್ನು ಹಣೆಗೇರಿಸಿ ಹಾಳೆಯ ಮೇಲೆ ಬಗ್ಗಿದ್ದ. ಮೆಟ್ಟಿಲು ಹೊರಗೋ ಒಳಗೋ, ಬಚ್ಚಲಿನ ಬಾಗಿಲು ಹಾಲಿಗೆ ಕಾಣುತ್ತದೋ ಇಲ್ಲವೋ ಎಂದು ಗಂಡಸರಿಬ್ಬರೂ ಮಾತಾಡುತ್ತಿದ್ದರು. ನೀಲಾಂಬಿಕ ಹೂಂ ಅನ್ನಬೇಕಾದಲ್ಲಿ ಹೂಂ ಅನ್ನುತ್ತಿದ್ದಳು. ಅವಳ ಕಿವಿಯೆಲ್ಲ ಒಳಕೋಣೆಯ ಕಡೆಗಿತ್ತು. ಅಲ್ಲಿ ರಕ್ಷಿತಾ ಬೀರುವಿನ ಬಾಗಿಲು ತೆಗೆಯುವುದು, ಹಾಕುವುದು ಮಾಡುತ್ತಿದ್ದಳು. ಎಷ್ಟು ಮೆಲ್ಲಗೆ ಎಂದರೆ, ಬೇರೆಯವರ ಮನೆಯ ಬೀರುವನ್ನು ಮುಟ್ಟಿದವರ ಹಾಗೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಾಗಿನಿಂದ ಹುಡುಗಿ ಬದಲಾಗಿದ್ದಳು. ಏನು ಬದಲಾಯಿತು ಎಂದು ಯಾರಾದರೂ ಕೇಳಿದರೆ ನೀಲಾಂಬಿಕ ಬೆರಳಿಟ್ಟು ತೋರಿಸಲಾರಳು. ಮುನಿಸಿಲ್ಲ, ಎದುರುತ್ತರವಿಲ್ಲ. ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದಳು. ಒಣಗಿದ ಬಟ್ಟೆ ತಂದು ಎಲ್ಲರದನ್ನೂ ಮಡಚಿ, ಬೇರೆಬೇರೆ ಇಡುತ್ತಿದ್ದಳು. ಸಾರಿಗೆ ಉಪ್ಪು ಕಡಿಮೆಯಾದರೂ ಸುಮ್ಮನೆ ಉಣ್ಣುತ್ತಿದ್ದಳು. ಮೊದಲಾಗಿದ್ದರೆ "ಏನಮ್ಮಾ ಇದು, ನೀನೇ ಉಣ್ಣು" ಎಂದು ತಟ್ಟೆ ಸರಿಸುತ್ತಿದ್ದ ಹುಡುಗಿ. ಪಕ್ಕದ ಮನೆಯ ನಿರ್ಮಲಮ್ಮ ಕಾಂಪೌಂಡಿನ ಆಚೆಯಿಂದ, "ದೊಡ್ಡೋಳಾದ್ಲು ನೋಡು ನೀಲಾ, ಬುದ್ಧಿ ಬಂತು," ಎಂದು ಹೊಗಳಿದ್ದಳು. ಆದರೆ ಹುಡುಗಿ ಅಷ್ಟು ಒಳ್ಳೆಯವಳಾಗಿದ್ದು ನೀಲಾಂಬಿಕಳಲ್ಲಿ ಒಂದು ಭಯ ಹುಟ್ಟಿಸಿತ್ತು. ಮನೆಯೊಳಗೆ ಯಾವುದೋ ಸದ್ದು ನಿಂತುಹೋಗಿದೆ, ಯಾವ ಸದ್ದು ಅಂತ ತಿಳಿಯುತ್ತಿಲ್ಲ, ಅಂಥ ಭಯ.

"ಎಲ್ಲಿ ಪುಟ್ಟಿ? ಬಾರಮ್ಮ ಇಲ್ಲಿ, ನಿನ್ನ ರೂಮ್ ನೋಡು ಬಾ," ಎಂದು ಅರುಣ ಕೂಗಿದ. ರಕ್ಷಿತಾ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಮಡಚಿದ ಚೂಡಿದಾರವಿತ್ತು. ಹಾಳೆಯ ಹತ್ತಿರ ಬರಲಿಲ್ಲ. "ಕಿಟಕಿ ರೋಡಿನ ಕಡೆ ಇಡ್ಲಾ, ಪಕ್ಕಕ್ಕೆ ಇಡ್ಲಾ? ನೀನು ಹೇಳ್ದಂಗೆ," ಎಂದ ಅರುಣ, ಮಕ್ಕಳನ್ನು ಮಾತಾಡಿಸುವ ಗೆಲುವಿನಲ್ಲಿ.

"ನಂಗೆ ರೂಮ್ ಬ್ಯಾಡ ಅಂಕಲ್," ಎಂದಳು ರಕ್ಷಿತಾ. "ನಾನು ಜಡೆ ಊರಾಗೆ ಅಜ್ಜಿ ಮನೇಲಿ ಇರ್ತೀನಿ. ಸೊರಬದಾಗೆ ಪಿಯುಸಿ ಸೇರ್ತೀನಿ. ಅಲ್ಲಿಂದ ಬಸ್ಸು ಐತೆ."

ಹೇಳಿದ್ದು ಇಷ್ಟೇ. ದನಿ ಏರಲಿಲ್ಲ, ನಡುಗಲಿಲ್ಲ. ಹೇಳಿ, ಬಂದಷ್ಟೇ ಮೆಲ್ಲಗೆ ಒಳಗೆ ಹೋದಳು. ಅರುಣ ಟೇಪನ್ನು ಎಳೆದು ಬಿಟ್ಟ, ಅದು ಸರ್ರನೆ ಡಬ್ಬಿಯೊಳಗೆ ಹೋಯಿತು. ಅವನು ನೀಲಾಂಬಿಕಳ ಕಡೆ ನೋಡದಿರಲು ಹಾಳೆಯ ಮೇಲೆ ಏನನ್ನೋ ಗುರುತು ಮಾಡತೊಡಗಿದ. ಮಲ್ಲಿಕಾರ್ಜುನ ನೋಡಿದ. ಹಣೆಯಿಂದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ಹೆಂಡತಿಯನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮದುವೆಯಾದ ದಿನದಿಂದ ಅವನು ಎಲ್ಲೋ ಒಂದು ಕಡೆ ಎತ್ತಿಟ್ಟಿದ್ದ ಪ್ರಶ್ನೆ ಅದು. ಇಷ್ಟು ವರ್ಷ ಕೇಳುವ ಸಂದರ್ಭ ಬಂದಿರಲಿಲ್ಲ, ಈಗ ಬಂತು. ನೀಲಾಂಬಿಕಳಿಗೆ ಅದು ಹೊಸತಾಗಿಯೂ ಕಾಣಲಿಲ್ಲ. ನಿರ್ಮಲಮ್ಮನ ಕಣ್ಣಿನಲ್ಲಿ, ಸ್ಕೂಲಿನ ಮಿಸ್ಸಿನ ಕಣ್ಣಿನಲ್ಲಿ, ಹುಡುಗಿಗೆ ಜ್ವರ ಬಂದಾಗ ಡಾಕ್ಟರ ಕಣ್ಣಿನಲ್ಲಿ ಅವಳು ಅದನ್ನು ಕಂಡಿದ್ದಳು. ಗಂಡನ ಕಣ್ಣಿನಲ್ಲಿ ಇಲ್ಲ ಎಂದುಕೊಂಡಿದ್ದಳು.

ಅವಳು ಈ ಮನೆಗೆ ಬಂದಾಗ ರಕ್ಷಿತಾ ಇನ್ನೂ ತೊದಲು ಮಾತಾಡುವ ಮಗು. ಹೆತ್ತವಳು ಪುಷ್ಪಲತಾ, ಜಡೆಯ ಗುತ್ಯಮ್ಮನ ಮಗಳು, ಕಾಮಾಲೆಯಾಗಿ ಹೋಗಿ ವರ್ಷವಾಗಿತ್ತು. ಮದುವೆ ಗೊತ್ತಾದಾಗ ಈಸೂರಿನ ತವರಿನಲ್ಲಿ ಹೆಂಗಸರು, "ಮಗು ನಿನ್ನ ಒಪ್ತದೋ ಇಲ್ಲೋ," ಎಂದು ಹೆದರಿಸಿದ್ದರು. ಮಗು ಒಪ್ಪಿತು, ಸುಲಭವಾಗಿಯೇ ಒಪ್ಪಿತು. ಮೊದಲ ವಾರ ಸೆರಗು ಹಿಡಿದು ಹಿಂದೆ ಬಂತು. ಆಮೇಲೆ ಒಂದು ಮಧ್ಯಾಹ್ನ, ಯಾರೂ ಹೇಳಿಕೊಡದೆ, ನೀರು ಬೇಕು ಎನ್ನುವಾಗ ಅಮ್ಮ ಎಂದಿತು. ನೀಲಾಂಬಿಕ ನೀರು ಕೊಟ್ಟು ಅಡಿಗೆಮನೆಗೆ ಹೋಗಿ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದಳು. ಅವಳಿಗೆ ಬಸಿರು ನಿಲ್ಲಲಿಲ್ಲ. ಎರಡು ಸಲ ಹೋದ ಮೇಲೆ ಅವಳೇ ಸಾಕು ಎಂದಳು. ಜನ ಅದಕ್ಕೂ ಮಾತಾಡಿದರು, ಒಬ್ಬೊಬ್ಬರು ಒಂದೊಂದು ತರಹ. ಅವಳಿಗೆ ಕಷ್ಟವಾದದ್ದು ಅದಲ್ಲ. ಕಷ್ಟವಾದದ್ದು ಹುಡುಗಿಯನ್ನು ಬೈಯುವುದು. ಓಣಿಯಲ್ಲಿ ತಾಯಂದಿರು ಮಕ್ಕಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುತ್ತಿದ್ದರು. "ಸಾಯಿ ನೀನು, ನನ್ನ ಹೊಟ್ಟೇಲಿ ಯಾಕೆ ಹುಟ್ಟಿದೆ" ಎಂದು ಕೂಗುತ್ತಿದ್ದರು, ಮರುಗಳಿಗೆ ಅದೇ ಮಗುವನ್ನು ಕೂರಿಸಿಕೊಂಡು ತುತ್ತಿಡುತ್ತಿದ್ದರು. ನೀಲಾಂಬಿಕ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದಳು. ಅವಳು ರಕ್ಷಿತಾಳಿಗೆ ಒಂದು ಮಾತು ಗದರಬೇಕಾದರೆ ಮೊದಲು ಕಿಟಕಿ ಹಾಕಬೇಕಿತ್ತು. ಕಿಟಕಿ ಹಾಕಿ ಬರುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ಒಂದು ಏಟು ಹೊಡೆದವಳಲ್ಲ. ಎಂಥ ಒಳ್ಳೆಯವಳು ಎಂದು ಜನ ಅಂದರು. ಅವಳಿಗೆ ಬೇಕಾಗಿದ್ದದ್ದು ಅದಾಗಿರಲಿಲ್ಲ.

ಅರುಣ ಹೋದ ಮೇಲೆ ಹಾಳೆ ಮೇಜಿನ ಮೇಲೆಯೇ ಉಳಿಯಿತು. ಮಲ್ಲಿಕಾರ್ಜುನ ನೀರು ಕುಡಿದು ಲೋಟ ಕೆಳಗಿಟ್ಟು, "ಏನಾದ್ರೂ ಅಂದಿದ್ಯೇನು?" ಎಂದು ಕೇಳಿದ.

ಇಲ್ಲ ಎನ್ನಲು ಬಾಯಿ ತೆರೆದಳು. ಆಗ ನೆನಪಾಯಿತು. ನೆನಪಾದದ್ದು ಮಾತಲ್ಲ, ಫ್ರಿಜ್ಜಿನ ಬಾಗಿಲು ಹಾಕಿದ ಸದ್ದು.

ಅದು ಅರುಣ ಮೊದಲ ಸಲ ಪ್ಲಾನು ತಂದ ದಿನ. ಆಗ್ನೇಯಕ್ಕೆ ಅಡಿಗೆ, ಈಶಾನ್ಯಕ್ಕೆ ದೇವರು, ನೈಋತ್ಯಕ್ಕೆ ಯಜಮಾನರ ಕೋಣೆ ಎಂದು ಪೆನ್ಸಿಲ್ ಊರುತ್ತ ಬಂದವನು ವಾಯವ್ಯದ ಮೂಲೆಯಲ್ಲಿ ನಿಂತು, "ಇದು ಪುಟ್ಟಿ ರೂಮು. ವಾಯವ್ಯ ಅಂದ್ರೆ ಗಾಳಿ ಮೂಲೆ ಅಕ್ಕಾ. ಹೆಣ್ಮಕ್ಳಿಗೆ, ಬಂದುಹೋಗೋ ನೆಂಟರಿಗೆ ಇಲ್ಲೇ ಕೊಡೋದು. ಸ್ವಲ್ಪ ಸಣ್ಣದಾತು, ಅಡ್ಜಸ್ಟ್ ಮಾಡ್ಕಂತಾಳಾ?" ಎಂದಿದ್ದ. ಅವತ್ತು ನೀಲಾಂಬಿಕ ತುಂಬ ಸಂತೋಷದಲ್ಲಿದ್ದಳು. ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲೂ ಕೇಳಬೇಕಾದ ವರ್ಷಗಳು ಮುಗಿಯುತ್ತಿವೆ ಎಂಬ ಸಂತೋಷ. ಅವಳು ನಕ್ಕು, "ಸಾಕು ಬಿಡಪ್ಪ, ಅವಳಿಗ್ಯಾಕೆ ದೊಡ್ಡ ರೂಮು? ಎಷ್ಟಿದ್ರೂ ಕೊಟ್ಟ ಮನೆಗೆ ಹೋಗೋಳು. ಆಮೇಲೆ ಅದರಾಗೆ ಅಕ್ಕಿ ಚೀಲ ಇಟ್ಕಂತೀನಿ," ಎಂದಿದ್ದಳು. ಈಸೂರಿನಲ್ಲಿ ಅವರಪ್ಪ ಮನೆ ಕಟ್ಟಿಸುವಾಗ ಅವಳ ತಾಯಿ ಅವಳೆದುರೇ ಇದೇ ಮಾತನ್ನು ಅಂದಿದ್ದಳು, ಅಕ್ಷರ ಬದಲಿಲ್ಲ. ಅವಳು ಆಗ "ಹೋಗಲ್ಲ, ಏನ್ಮಾಡ್ತೀಯ" ಎಂದು ಪಾಯಕ್ಕೆ ಎಳೆದಿದ್ದ ಸುಣ್ಣದ ಗೆರೆಯನ್ನು ಕಾಲಲ್ಲಿ ಕೆದರಿ ಓಡಿಹೋಗಿದ್ದಳು. ಹಿಂದಿನಿಂದ ತಾಯಿ ಕಡ್ಡಿ ಎಸೆದಿದ್ದಳು. ರಕ್ಷಿತಾಳೂ ಹಾಗೇ ಏನಾದರೂ ಅಂದಿದ್ದರೆ! ಆದರೆ ಅವಳು ಫ್ರಿಜ್ಜಿನ ಮುಂದೆ ನಿಂತಿದ್ದಳು. ನೀರಿನ ಬಾಟಲಿಯನ್ನು ತೆಗೆದುಕೊಳ್ಳದೆಯೇ ಬಾಗಿಲು ಹಾಕಿ ಹೋದಳು.

ನೀಲಾಂಬಿಕ ಗಂಡನಿಗೆ ಅದನ್ನು ಹಾಗೆಯೇ ಹೇಳಿದಳು. ಅವನು ಹಾಳೆಯ ಮೂಲೆಗಳ ಮೇಲಿದ್ದ ಲೋಟಗಳನ್ನು ಒಂದೊಂದಾಗಿ ಎತ್ತಿಟ್ಟ.

"ಅದನ್ನ ನೀನು ಅನ್ನಬಾರದಾಗಿತ್ತು."

"ಎಲ್ಲ ಮನೇಲೂ ಅಂತಾರಲ್ರೀ. ನಮ್ಮವ್ವ ನಂಗೆ ಅನ್ಲಿಲ್ವಾ? ನಿಮ್ಮ ತಂಗಿ ಅವಳ ಮಕ್ಳಿಗೆ ದಿನಾ ಅನ್ನಲ್ವಾ?"

"ಅವರು ಅನ್ನಬಹುದು," ಎಂದ ಮಲ್ಲಿಕಾರ್ಜುನ. "ನೀನು ಅನ್ನಬಾರದಾಗಿತ್ತು."

ಅವನು ಕೆಟ್ಟದ್ದಾಗಿ ಹೇಳಲಿಲ್ಲ. ಗ್ಯಾಸು ಸಿಲಿಂಡರಿನ ಹತ್ತಿರ ಬೆಂಕಿ ತರಬಾರದು ಎಂದು ಹೇಳುವ ಹಾಗೆ, ಎಲ್ಲರಿಗೂ ಗೊತ್ತಿರುವ ಒಂದು ವಿಷಯವನ್ನು ಹೇಳಿದ. ಅವಳಿಗೂ ಗೊತ್ತಿತ್ತು. ಇಷ್ಟು ವರ್ಷ ಅದೊಂದನ್ನೇ ಬಿಗಿಹಿಡಿದು ಬದುಕಿದ್ದಳು. ಬಾಯಿಗೆ ಬಂದದ್ದನ್ನು ನುಂಗಿ, ಆಡುವ ಮುಂಚೆ ಅಳೆದು, ಕಿಟಕಿ ನೋಡಿ. ಅವತ್ತೊಂದು ದಿನ ಮರೆತಿದ್ದಳು. ಸಂತೋಷದಲ್ಲಿ ತಾನು ಯಾರೆಂಬುದು ಮರೆತು, ಹೆತ್ತವಳ ಹಾಗೆ ಮಾತಾಡಿಬಿಟ್ಟಿದ್ದಳು.

ಸಂಜೆ ರಕ್ಷಿತಾ ಮಂಚದ ಮೇಲೆ ಕೂತು ಹಳೆಯ ಪುಸ್ತಕಗಳನ್ನು ವಿಂಗಡಿಸುತ್ತಿದ್ದಳು. ನೀಲಾಂಬಿಕ ಬಾಗಿಲಲ್ಲಿ ನಿಂತು, ಒಳಗೆ ಬಂದು, ಮಂಚದ ತುದಿಗೆ ಕೂತಳು. ಏನು ಹೇಳಬೇಕು ಎಂದು ಮಧ್ಯಾಹ್ನವಿಡೀ ಕಟ್ಟಿಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. "ಅವತ್ತು ನಾನು ಸುಮ್ನೆ ತಮಾಷೆಗೆ ಅಂದಿದ್ದು ಕಣೇ. ಎಲ್ಲಾ ತಾಯಂದ್ರೂ ಹಂಗೇ ಅಂತಾರೆ," ಎಂದಳು. ಎನ್ನುವಾಗಲೇ ಅದು ಬೇಡಿಕೊಳ್ಳುವ ಹಾಗೆ ಕೇಳಿಸಿತು. ಹುಡುಗಿ ತಲೆ ಎತ್ತಿದಳು. ಯಾವ ದಿನ, ಯಾವ ಮಾತು ಎಂದು ಕೇಳಲಿಲ್ಲ.

"ನಂಗೇನೂ ಬೇಜಾರಿಲ್ಲ ಅಮ್ಮ," ಎಂದಳು. "ನಂಗೇ ಅಲ್ಲಿರಬೇಕು ಅನ್ನಿಸ್ತು. ಅಲ್ಲಿ ನಮ್ಮಮ್ಮ ಇದ್ದ ರೂಮು ಹಂಗೇ ಐತೆ."

ನಮ್ಮಮ್ಮ. ಪುಷ್ಪಲತಾಳನ್ನು ಇಷ್ಟು ವರ್ಷ ಅವಳು 'ಫೋಟೋ ಅಮ್ಮ' ಎನ್ನುತ್ತಿದ್ದಳು. ಆ ಹೆಸರು ನೀಲಾಂಬಿಕಳೇ ಕಲಿಸಿದ್ದು. ಪ್ರತಿ ಸೋಮವಾರ ಮಗುವನ್ನು ಎತ್ತಿ ಹಿಡಿದು ಫೋಟೋಕ್ಕೆ ಹೂ ಮುಡಿಸಲು ಕಲಿಸಿದ್ದೂ ಅವಳೇ. ಹುಡುಗಿ ಹರಿತ ಮಾಡಿಕೊಂಡು ಆ ಮಾತನ್ನು ಆಡಿದವಳಲ್ಲ. ಹಾಗೆ ಆಡಿದ್ದರೆ ನೀಲಾಂಬಿಕ ಬದುಕಿಕೊಳ್ಳುತ್ತಿದ್ದಳು. ಇಬ್ಬರು ಅಮ್ಮಂದಿರಿದ್ದಾಗ ಯಾವ ಅಮ್ಮ ಎಂದು ತಿಳಿಯಲಿ ಎಂದು ಸಹಜವಾಗಿ ಆಡಿದಳು. ನೀಲಾಂಬಿಕ ಎದ್ದು, ಆ ಪುಸ್ತಕಗಳನ್ನು ಒಂದು ಬಟ್ಟೆಚೀಲಕ್ಕೆ ತುಂಬಿಕೊಟ್ಟಳು. ತುಂಬುತ್ತಿದ್ದ ತನ್ನ ಕೈಗಳನ್ನು ನೋಡಿ, ನಾನೇ ಕಳಿಸುತ್ತಿರುವ ಹಾಗಾಯಿತಲ್ಲ ಎಂದುಕೊಂಡು ನಿಲ್ಲಿಸಿದಳು. ನಿಲ್ಲಿಸಿದರೆ ಬೇಡ ಎಂದು ಹೇಳಬೇಕಾಗುತ್ತಿತ್ತು. ಬೇಡ ಎನ್ನುವ ಹಕ್ಕು ತನಗೆ ಇದೆಯೋ ಇಲ್ಲವೋ ತಿಳಿಯದೆ ಮತ್ತೆ ತುಂಬಿದಳು.

ಮಲ್ಲಿಕಾರ್ಜುನ ಮಗಳನ್ನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟುಬರಲಿಲ್ಲ, ಕಾರು ಮಾಡಿಕೊಂಡು ಜಡೆಗೇ ಹೋಗಿ ಬಿಟ್ಟುಬಂದ. ನೀಲಾಂಬಿಕಳನ್ನು ಬಾ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಕಾರಿನಲ್ಲಿ ಹಿಂದಿನ ಸೀಟಿನ ತುಂಬ ಸಾಮಾನಿತ್ತು. ಅವನು ಬಂದ ಮೇಲೆ, "ಎರಡು ವರ್ಷ ತಾನೆ. ಪಿಯುಸಿ ಮುಗೀಲಿ, ಬರ್ತಾಳೆ," ಎಂದ. ಎಂದವನು ಅವಳ ಮುಖ ನೋಡದೆ ಟಿವಿ ಹಾಕಿದ. ನಿರ್ಮಲಮ್ಮ ಕಾಂಪೌಂಡಿನ ಆಚೆಯಿಂದ ಏನೂ ಕೇಳಲಿಲ್ಲ. ಅದುವರೆಗೆ ಏನನ್ನೂ ಕೇಳದೆ ಬಿಟ್ಟವಳಲ್ಲ ಆ ಹೆಂಗಸು.

ಮರುವಾರ ನೀಲಾಂಬಿಕ ಒಬ್ಬಳೇ ಅರುಣನ ಆಫೀಸಿಗೆ ಹೋದಳು. ಜೆರಾಕ್ಸ್ ಅಂಗಡಿಯ ಮೇಲಿನ ಸಣ್ಣ ಕೋಣೆ. ನೈಋತ್ಯದ ದೊಡ್ಡ ಕೋಣೆಯನ್ನು ರಕ್ಷಿತಾಳಿಗೆ ಎಂದು ಬರೆಯಬೇಕು, ತಮ್ಮಿಬ್ಬರಿಗೆ ವಾಯವ್ಯದ್ದು ಸಾಕು ಎಂದಳು. "ಹಂಗೆ ಮಾಡಂಗಿಲ್ಲ ಅಕ್ಕಾ, ಯಜಮಾನರಿಗೆ ವಾಯವ್ಯ ಆಗಿಬರಲ್ಲ. ಮನೇಲಿ ನಿಲ್ಲಲ್ಲ ಅಂತಾರೆ," ಎಂದ ಅರುಣ. ಎಂದವನು ಅವಳನ್ನು ನೋಡಿ, ಕಂಪ್ಯೂಟರಿನ ಕಡೆ ತಿರುಗಿ, ಹೆಸರುಗಳನ್ನು ಅದಲುಬದಲು ಮಾಡಿದ. ಎರಡು ಕಿಟಕಿ ಹಾಕು, ಓದುವ ಮೇಜಿಗೆ ಜಾಗ ಬಿಡು, ಬಟ್ಟೆಯ ಕಪಾಟು ಗೋಡೆಯಲ್ಲೇ ಬರಲಿ ಎಂದೆಲ್ಲ ಅವಳು ಬರೆಸಿದಳು. ಮೊಬೈಲಿಗೆ ಅದರ ಫೋಟೋ ಹಾಕಿಸಿಕೊಂಡಳು. ಮೆಟ್ಟಿಲಿಳಿಯುವಾಗ, ಹುಡುಗಿ ನೋಡುತ್ತಾಳೆ, ನೋಡಿ ತುಟಿ ಕಚ್ಚಿ ನಗು ತಡೆಯುತ್ತಾಳೆ, 'ಹೋಗಮ್ಮ, ನೀನೊಂದು' ಎನ್ನುತ್ತಾಳೆ ಎಂದು ನಿಜವಾಗಿ ನಂಬಿದಳು. ಅಷ್ಟು ನಂಬಿದ್ದಕ್ಕೆ ಬಸ್ಸಿನಲ್ಲಿ ಶಿರಾಳಕೊಪ್ಪ ದಾಟುವವರೆಗೂ ಅವಳ ಎದೆ ಹಗುರವಾಗಿತ್ತು. ಸೊರಬದಲ್ಲಿ ಇಳಿದು ಜಡೆಯ ಬಸ್ಸಿಗೆ ಕಾಯುವಾಗ ಹುಡುಗಿಗೆ ಪ್ರಿಯವಾದ ಕರಿದ ಖಾರದ ಪೊಟ್ಟಣ ಕೊಂಡಳು. ಅಜ್ಜಿಗೆ ಬಾಳೆಹಣ್ಣು ಕೊಂಡಳು. ನೆಂಟರ ಮನೆಗೆ ಹೋಗುವ ಹಾಗಾಯಿತಲ್ಲ ಎನ್ನಿಸಿದ್ದು ಬಸ್ಸು ಹತ್ತಿದ ಮೇಲೆ.

ಗುತ್ಯಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. "ಬಾರೇ ತಂಗಿ," ಎಂದು ಕೈ ಒರೆಸಿಕೊಂಡು ಎದ್ದಳು. ಮಗಳ ಜಾಗಕ್ಕೆ ಬಂದವಳನ್ನು ಅವಳು ಮೊದಲಿನಿಂದಲೂ ಹಾಗೇ ಕರೆಯುವುದು. ಒಳಗಿನಿಂದ ರಕ್ಷಿತಾ ಬಂದಳು. ನೀಲಾಂಬಿಕಳನ್ನು ಕಂಡು ಮುಖ ಅರಳಿತು. ಅದು ಸುಳ್ಳಾಗಿರಲಿಲ್ಲ. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು, ಎರಡು ಕೈಯಲ್ಲಿ ಹಿಡಿದು, "ತಗಳ್ರಿ. ಬಿಸಿಲಾಗೆ ಬಂದೀರಿ. ಕೂತ್ಕಳ್ರಿ," ಎಂದಳು.

ನೀಲಾಂಬಿಕ ತಂಬಿಗೆ ತೆಗೆದುಕೊಂಡಳು. ತೆಗೆದುಕೊಂಡು ಕುಡಿಯದೆ ನಿಂತಳು. ಹಿಂದೆ ಯಾರೋ ಬಂದಿದ್ದಾರೆ, ಹುಡುಗಿ ಅವರಿಗೆ ಹೇಳುತ್ತಿದ್ದಾಳೆ ಎಂದು ತಿರುಗಿ ನೋಡುವಂತಾಯಿತು. ಈ ಹುಡುಗಿಯ ಬಾಯಲ್ಲಿ ಅವಳು ಎಂದೂ ನೀವು ಆಗಿರಲಿಲ್ಲ. ಅಪ್ಪಾಜಿಗೆ ನೀವು, ಅಜ್ಜಿಗೆ ನೀನು, ಅಮ್ಮನಿಗೆ ನೀನು. 'ನಿಂಗೇನೂ ಗೊತ್ತಾಗಲ್ಲ ಸುಮ್ನಿರು' ಎಂದು ಗದರುವ ನೀನು. ಮೊದಮೊದಲು ಅತ್ತೆ ಮನೆಯವರು 'ದೊಡ್ಡೋರಿಗೆ ಹಂಗೆ ಅನ್ನಬಾರದು' ಎಂದು ತಿದ್ದಿದಾಗ, ಅನ್ನಲಿ ಬಿಡ್ರಿ ಎಂದು ಅವಳೇ ಅಡ್ಡ ಬಂದಿದ್ದಳು. ಈಗ ಹುಡುಗಿ ತಪ್ಪನ್ನು ತಿದ್ದಿಕೊಂಡವಳ ಹಾಗೆ, ಒಂದಿಷ್ಟೂ ಕಹಿಯಿಲ್ಲದೆ, ಗೌರವ ಕೊಡುತ್ತಿದ್ದಳು.

ಊಟವಾದ ಮೇಲೆ ನೀಲಾಂಬಿಕ ಮೊಬೈಲು ತೆಗೆದು ಪ್ಲಾನು ತೋರಿಸಿದಳು. ರಕ್ಷಿತಾ ಎರಡು ಬೆರಳಲ್ಲಿ ಅದನ್ನು ದೊಡ್ಡದು ಮಾಡಿ, ಅಡಿಗೆಮನೆಯಿಂದ ಹಾಲಿಗೆ, ಹಾಲಿನಿಂದ ದೇವರಮನೆಗೆ ಸರಿಸುತ್ತ ಹೋದಳು. ತನ್ನ ಹೆಸರಿದ್ದ ಕೋಣೆಗೆ ಬಂದಾಗ ಬೆರಳು ನಿಂತಿತು.

"ಇದು ಭಾಳ ದೊಡ್ಡದಾಯ್ತಲ್ಲ," ಎಂದಳು.

"ನಿಂಗೇ ಕಣೇ. ಎರಡು ಕಿಟಕಿ ಇಡ್ಸೀನಿ. ಮೇಜು ಇಲ್ಲಿ ಬರುತ್ತೆ, ನೋಡು."

"ಚೆನ್ನಾಗೈತೆ," ಎಂದು ಮೊಬೈಲನ್ನು ವಾಪಸು ಕೊಟ್ಟಳು. "ಆದ್ರೆ ಬ್ಯಾಡ. ನೀವೇ ಇಟ್ಕಳ್ರಿ. ನಿಮಗೆ ಮೊಣಕಾಲು ನೋವು ಬೇರೆ, ಅಟ್ಯಾಚ್ಡ್ ಬಾತ್‌ರೂಮ್ ಬೇಕಾಗುತ್ತೆ."

ಮೊಣಕಾಲು ನೋವನ್ನು ನೆನಪಿಟ್ಟಿದ್ದಾಳೆ. ನೀಲಾಂಬಿಕಳಿಗೆ ಆ ಕ್ಷಣದಲ್ಲಿ ಹುಡುಗಿಯ ಎರಡೂ ತೋಳು ಹಿಡಿದು ಅಲುಗಾಡಿಸಬೇಕು ಎನ್ನಿಸಿತು. ಕೆನ್ನೆಗೊಂದು ಬಿಗಿಯಬೇಕು, ಜೀವನದಲ್ಲಿ ಒಂದೇ ಒಂದು ಸಲ, 'ಎದ್ದೇಳು, ಬಟ್ಟೆ ತಗೋ, ನಡಿ ಮನೆಗೆ' ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಕು ಎನ್ನಿಸಿತು. ಬೇರೆ ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು. ಹುಡುಗಿ ಅತ್ತು, ಬೈದು, ಚೀಲ ಎತ್ತಿಕೊಂಡು ಹಿಂದೆ ಬರುತ್ತಿದ್ದಳು. ಬಹುಶಃ ರಕ್ಷಿತಾಳೂ ಅದಕ್ಕೇ ಕಾಯುತ್ತಿದ್ದಳೋ ಏನೋ. ಆದರೆ ಜಗಲಿಯಲ್ಲಿ ಗುತ್ಯಮ್ಮ ಕೂತಿದ್ದಳು. ಗೋಡೆಯ ಮೇಲೆ ಪುಷ್ಪಲತಾಳ ಮದುವೆಯ ಫೋಟೋ ಇತ್ತು. ಕಿಟಕಿಗಳೆಲ್ಲ ತೆರೆದಿದ್ದವು. ನೀಲಾಂಬಿಕಳ ಕೈ ಮಡಿಲಲ್ಲೇ ಉಳಿಯಿತು. "ಸರಿ ಹಂಗಾದ್ರೆ," ಎಂದಳು.

ಹಿತ್ತಲಲ್ಲಿ ಕೈ ತೊಳೆಯುವಾಗ ಗುತ್ಯಮ್ಮ ಹತ್ತಿರ ಬಂದು ನಿಂತಳು. "ಅವಳಿಗೆ ಕ್ವಾಪ ಇಲ್ಲ ಕಣೇ ತಂಗಿ. ಕ್ವಾಪ ಇದ್ರೆ ಇಳೀತಿತ್ತು," ಎಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಏನಾಯ್ತು ಅಂತ ನಾನು ಕೇಳ್ಲಿಲ್ಲ, ಅವಳು ಹೇಳ್ಲೂ ಇಲ್ಲ. ನೀನು ಚಲೋ ಸಾಕೀಯ, ನಂಗೊತ್ತು. ಆದ್ರೆ ಹೋಗು ಅಂತ ನಾನು ಅವಳಿಗೆ ಹೇಳಲ್ಲ. ಹೇಳಾಕೆ ಆಗಲ್ಲ. ಬೆಳಿಗ್ಗೆ ಆ ರೂಮಿಂದ ಅವಳು ಜಡೆ ಬಿಚ್ಕಂಡು ಹೊರಗೆ ಬರ್ತಾಳಲ್ಲ, ನನ್ನ ಮಗಳೇ ಬಂದಂಗೆ ಆಗುತ್ತೆ," ಎಂದಳು. ಮುದುಕಿಯ ಕಣ್ಣಿನಲ್ಲಿ ನೀರಿತ್ತು, ಗೆಲುವೂ ಇತ್ತು. ನೀಲಾಂಬಿಕ ಅವಳನ್ನು ದ್ವೇಷಿಸಲು ನೋಡಿದಳು. ಆಗಲಿಲ್ಲ. ಆ ಮುದುಕಿ ಕಳೆದುಕೊಂಡಿದ್ದನ್ನು ತಾನು ಇಷ್ಟು ವರ್ಷ ಇಟ್ಟುಕೊಂಡಿದ್ದೆ, ಈಗ ವಾಪಸು ಹೋಯಿತು, ಅಷ್ಟೆ ಎಂದುಕೊಂಡಳು. ಅಂದುಕೊಂಡದ್ದು ಸರಿಯಾಗಿ ಕಂಡಿತು. ಸರಿಯಾಗಿ ಕಂಡದ್ದರಿಂದ ಏನೂ ಕಡಿಮೆಯಾಗಲಿಲ್ಲ.

ಬಸ್‌ಸ್ಟಾಪಿನವರೆಗೆ ರಕ್ಷಿತಾ ಬಂದಳು. ಬಸ್ಸು ಬಂದಾಗ ಕಿಟಕಿಯ ಹತ್ತಿರ ನಿಂತು, "ಮುಟ್ಟಿದ ಮೇಲೆ ಫೋನ್ ಮಾಡ್ರಿ," ಎಂದು ಕೈ ಬೀಸಿದಳು. ಪಕ್ಕದಲ್ಲಿ ಕೂತ ಹೆಂಗಸು ಎಲೆಯಡಿಕೆಯ ಚೀಲ ಬಿಚ್ಚುತ್ತ, "ಯಾರ ಮನಿಗೆ ಬಂದಿದ್ರಿ?" ಎಂದು ಕೇಳಿದಳು. "ಮಗಳನ್ನ ನೋಡಾಕೆ," ಎಂದಳು ನೀಲಾಂಬಿಕ. "ಹೌದಾ? ಇಷ್ಟು ಸಣ್ಣ ವಯಸ್ಸಿಗೇ ಕೊಟ್ಟುಬಿಟ್ರಾ?" ಎಂದು ಹೆಂಗಸು ಆಶ್ಚರ್ಯಪಟ್ಟಳು. ನೀಲಾಂಬಿಕ ಅಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಆ ಹೆಂಗಸು ಸೊರಬ ಬರುವವರೆಗೂ ಹೆಣ್ಣುಮಕ್ಕಳ ಹಣೆಬರಹದ ಬಗ್ಗೆ ಸಮಾಧಾನ ಹೇಳುತ್ತಿದ್ದಳು. ನೀಲಾಂಬಿಕ ತಲೆಯಾಡಿಸುತ್ತ ಕೇಳಿಸಿಕೊಂಡಳು. ಯಾರಾದರೂ ಸಮಾಧಾನ ಹೇಳಿದ್ದು ಅದೇ ಮೊದಲಾಗಿತ್ತು.

ಮಳೆಗಾಲ ಕಳೆದು ಪಾಯದ ಗುರುತು ಹಾಕುವ ದಿನ ಅರುಣ ಸೈಟಿನಲ್ಲಿ ದಾರ ಕಟ್ಟಿಸುತ್ತಿದ್ದ. ಮಲ್ಲಿಕಾರ್ಜುನ ಹೆಂಡತಿಯನ್ನು ಪಕ್ಕಕ್ಕೆ ಕರೆದ. "ಎರಡು ರೂಮು ಯಾಕೆ? ಅವಳು ಯಾವಾಗಾದ್ರೂ ಬಂದ್ರೆ ಎಲ್ಲಾದ್ರೂ ಮಲಗ್ತಾಳೆ. ನಮಗೆ ಅಂತ ಒಂದು ಇರಲಿ, ಇನ್ನೊಂದು ತೆಗೆದುಬಿಟ್ರೆ ಹಾಲ್ ದೊಡ್ಡದಾಗುತ್ತೆ ಅಂತಾನೆ ಅರುಣ," ಎಂದ. ಅವನೂ ಈ ಕೆಲವು ತಿಂಗಳಲ್ಲಿ ಇಳಿದುಹೋಗಿದ್ದ ಎಂದು ನೀಲಾಂಬಿಕ ಆಗ ಗಮನಿಸಿದಳು. ಅವಳಿಗೆ ಆ ಕೋಣೆ ಬೇಕಿತ್ತು. ಖಾಲಿಯಾದರೂ ಇರಲಿ, ಬಾಗಿಲು ಹಾಕಿದ್ದರೂ ಇರಲಿ. ಆದರೆ ಮುಂದಿನ ದಿನಗಳೆಲ್ಲ ಕಣ್ಣಿಗೆ ಬಂದವು. ಬಂದವರು ಮನೆ ನೋಡುತ್ತ ಒಂದೊಂದೇ ಬಾಗಿಲು ತೆಗೆಯುತ್ತಾರೆ, ಇದು ಯಾರ ರೂಮು ಎಂದು ಕೇಳುತ್ತಾರೆ, ಅವಳು ಹೇಳುತ್ತಾಳೆ, ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. "ತೆಗೀರಿ," ಎಂದಳು. ಕೂಲಿ ಹೆಂಗಸರಿಬ್ಬರು ಸುಣ್ಣದ ಪುಡಿ ಹಾಕುತ್ತ ಬಂದರು. ಒಂದು ಕಡೆ ಗೆರೆ ಹಾಕದೆ ಮುಂದೆ ಹೋದರು.

ಗೃಹಪ್ರವೇಶ ವೈಶಾಖದಲ್ಲಾಯಿತು. ಐನೋರು ಪೂಜೆ ಮಾಡಿಸಿದರು, ಹಾಲುಕ್ಕಿಸಿದರು. ಬಂದವರೆಲ್ಲ ಹೊಸಿಲು ದಾಟಿದ ಕೂಡಲೇ, "ಆಹಾ, ಹಾಲ್ ಎಷ್ಟು ದೊಡ್ಡದೈತೆ. ಮೂವತ್ತು ನಲವತ್ತರಾಗೆ ಇಷ್ಟು ದೊಡ್ಡ ಹಾಲ್ ಯಾರೂ ಇಡಲ್ಲ," ಎಂದರು. ರಕ್ಷಿತಾ ಅಜ್ಜಿಯ ಜೊತೆ ಬೆಳಗಿನ ಬಸ್ಸಿಗೆ ಬಂದಿದ್ದಳು. ಉದ್ದವಾಗಿದ್ದಳು. ಸೀರೆ ಉಟ್ಟಿದ್ದಳು. ಅಡಿಗೆಮನೆಯ ಬಾಗಿಲಿಗೆ ಬಂದು, "ನಾನೇನಾದ್ರೂ ಮಾಡ್ಲಾ?" ಎಂದು ಕೇಳಿದಳು. ನೆಂಟರ ಹೆಣ್ಣುಮಕ್ಕಳು ಕೇಳುವಂತೆ, ಯಾವ ಡಬ್ಬಿ ಎಲ್ಲಿದೆ ಎಂದು ತಿಳಿಯದೆ, ಸೆರಗು ಸಿಕ್ಕಿಸಿಕೊಂಡು. ಹೋಳಿಗೆ ಬಡಿಸುವ ಹರಿವಾಣವನ್ನು ನೀಲಾಂಬಿಕ ಅವಳ ಕೈಗೆ ಕೊಟ್ಟಳು. ಪಂಕ್ತಿಯಲ್ಲಿ ಯಾರೋ ಮುದುಕರು, "ಇವಳು ಯಾರ ಮಗಳು?" ಎಂದು ಕೇಳಿದ್ದು, ಗೋಪಾಲಪ್ಪ ಎನ್ನುವ ಹಿರಿಯರು, "ಮಲ್ಲಿಕಾರ್ಜುನನ ಮಗಳು, ಮೊದಲ್ನೇ ಹೆಂಡ್ತೀದು," ಎಂದು ಉತ್ತರ ಕೊಟ್ಟದ್ದು ಅಡಿಗೆಮನೆಗೆ ಕೇಳಿಸಿತು.

ಊಟ ಮುಗಿದು ಗಂಡಸರು ಹೊರಗೆ ಶಾಮಿಯಾನದ ಕೆಳಗೆ ಹೋದರು. ಹೆಂಗಸರು ಹಾಲಿನಲ್ಲಿ ಜಮಖಾನ ಹಾಸಿ ಸಾಲಾಗಿ ಅಡ್ಡಾದರು. ಹೊಸ ನೆಲದ ತಂಪಿಗೆ, ಬೆಳಗಿನಿಂದ ನಿಂತ ದಣಿವಿಗೆ ಒಬ್ಬೊಬ್ಬರಾಗಿ ನಿದ್ದೆ ಹೋದರು. ನೀಲಾಂಬಿಕ ಪಾತ್ರೆಗಳನ್ನೆಲ್ಲ ಒಳಗೆ ಹಾಕಿಸಿ, ಕೈ ಒರೆಸಿಕೊಂಡು ಬಂದು ನೋಡಿದಾಗ ಕಾಲಿಡಲು ಜಾಗವಿರಲಿಲ್ಲ. ಕೋಣೆ ಬರಬೇಕಿದ್ದ ಆ ಮೂಲೆಯಲ್ಲಿ ರಕ್ಷಿತಾ ಮಲಗಿದ್ದಳು. ಪಕ್ಕದಲ್ಲಿದ್ದ ಗುತ್ಯಮ್ಮ ಯಾವುದಕ್ಕೋ ಎದ್ದುಹೋಗಿ, ಅಲ್ಲೊಬ್ಬರಿಗೆ ಆಗುವಷ್ಟು ತೆರವಾಗಿತ್ತು. ನೀಲಾಂಬಿಕ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಮಲಗಿದವರನ್ನು ದಾಟಿಕೊಂಡು ಹೋಗಿ, ಮೊಣಕಾಲಿಗೆ ಕೈಯೂರಿ ಮೆಲ್ಲಗೆ ಕೂತು, ಸದ್ದಾಗದಂತೆ ಅಲ್ಲಿ ಒರಗಿದಳು. ಹುಡುಗಿಯ ಕಡೆ ತಿರುಗಲಿಲ್ಲ, ಅಂಗಾತ ಮಲಗಿದಳು. ಹೊಸ ಫ್ಯಾನಿನ ರೆಕ್ಕೆಗಳ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ. ಅದು ತಿರುಗುವಾಗ ಪರಪರ ಎನ್ನುತ್ತಿತ್ತು. ನೆತ್ತಿಯ ಹತ್ತಿರ ಹುಡುಗಿಯ ಉಸಿರು ಬರುತ್ತಿತ್ತು. ಅದರಲ್ಲಿ ಹೋಳಿಗೆಯ ಏಲಕ್ಕಿಯ ವಾಸನೆ ಇತ್ತು.

ನಿದ್ದೆಯಲ್ಲಿ ರಕ್ಷಿತಾ ಮಗ್ಗುಲಾದಳು. ಒಂದು ಕೈ ಬಂದು ನೀಲಾಂಬಿಕಳ ಎದೆಯ ಮೇಲೆ ಬಿತ್ತು. ಆಮೇಲೆ ಕಾಲು. ಮುಖವನ್ನು ಅವಳ ಭುಜಕ್ಕೆ ಒತ್ತಿ, ಕತ್ತಿನ ಹತ್ತಿರ ಒಂದು ಜಾಗ ಹುಡುಕಿಕೊಂಡು, ಏನೋ ಗೊಣಗಿ ಸುಮ್ಮನಾದಳು. ನೀಲಾಂಬಿಕ ಉಸಿರನ್ನು ಪೂರ್ತಿ ಬಿಡಲಿಲ್ಲ. ತೋಳು ಜೋಮು ಹಿಡಿಯಿತು, ಸರಿಸಲಿಲ್ಲ. ಯಾವುದೋ ನೊಣ ಹಣೆಯ ಮೇಲೆ ಕೂತಿತು, ಅಟ್ಟಲಿಲ್ಲ. ಹೊರಗೆ ಯಾರೂ ಬೈಕು ಸ್ಟಾರ್ಟು ಮಾಡದಿರಲಿ, ಯಾವ ಮಗುವೂ ಅಳದಿರಲಿ ಎಂದು ದೇವರನ್ನು ಬೇಡಿಕೊಳ್ಳುತ್ತ ಹಾಗೇ ಬಿದ್ದುಕೊಂಡಿದ್ದಳು.

ಎಷ್ಟು ಹೊತ್ತಾಯಿತೋ, ಶಾಮಿಯಾನದ ಕೆಳಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದಾಯಿತು. ರಕ್ಷಿತಾ ಕಣ್ಣು ತೆರೆದಳು. ತೀರ ಹತ್ತಿರದಿಂದ ನೀಲಾಂಬಿಕಳ ಮುಖವನ್ನು ನೋಡಿದಳು. ಒಂದು ಕ್ಷಣ ಆ ಕಣ್ಣುಗಳಲ್ಲಿ ಏನೂ ಇರಲಿಲ್ಲ, ಬರೀ ನಿದ್ದೆ ಇತ್ತು. ಆಮೇಲೆ ಗುರುತು ಬಂತು. ಅವಳು ಕೈ ತೆಗೆದಳು, ಕಾಲು ತೆಗೆದಳು, ಸೀರೆಯ ನಿರಿಗೆ ಸರಿಮಾಡಿಕೊಂಡಳು.

"ಅಯ್ಯೋ, ನೀವಾ? ಅಜ್ಜಿ ಅಂದ್ಕಂಡೆ," ಎಂದಳು. ನಾಚಿಕೊಂಡು ನಕ್ಕಳು. ಗೋಡೆಯ ಕಡೆಗೆ ಇನ್ನಷ್ಟು ಸರಿದು, ತಾನಿದ್ದ ಜಮಖಾನವನ್ನು ಅಂಗೈಯಿಂದ ತಟ್ಟಿದಳು.

"ಮಲಕ್ಕಳ್ರಿ, ಮಲಕ್ಕಳ್ರಿ. ಜಾಗ ಐತೆ."